ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ: ಅರ್ಜಿ ಹಾಕಿ, ಪಡೆದು, ಬಳಸುತ್ತಿರುವವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ: ಅರ್ಜಿ ಹಾಕಿ. ಕೇಂದ್ರ ಸರ್ಕಾರದ ಟ್ರಾನ್ಸ್‌ಜೆಂಡರ್ ಪೋರ್ಟಲ್ ಮೂಲಕ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಸಿಗುತ್ತವೆ. ಆ ಸೇವೆಗೆ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಚೀಟಿ ಹಿಡಿದು ಬೇರೆ ಕೌಂಟರ್‌ಗಳ ಮುಂದೆ ನಿಂತಾಗ ಸಿಕ್ಕ ಸೇವೆಗೆ ಎರಡೇ ಸ್ಟಾರ್. ಎರಡರ ನಡುವೆ ಇಷ್ಟು ಅಂತರ ಏಕೆ ಅಂತ ವಿವರವಾಗಿ ಬರೆಯುತ್ತೇನೆ. ನಾನು ಅರ್ಜಿ ಹಾಕುವ ಮುಂಚೆ ಕನ್ನಡದಲ್ಲಿ ಹುಡುಕಿದಾಗ ಯೋಜನೆಗಳ ಹೆಸರು ಬೇಕಾದಷ್ಟು ಸಿಕ್ಕವು. ನೋಟರಿ ಹತ್ತಿರ ಏನು ಹೇಳಬೇಕು, ಕಚೇರಿಯಿಂದ ಫೋನ್ ಬಂದರೆ ಏನು ಉತ್ತರ ಕೊಡಬೇಕು ಅನ್ನುವುದು ಮಾತ್ರ ಎಲ್ಲೂ ಸಿಗಲಿಲ್ಲ. ಇದನ್ನು 2025ರ ನವೆಂಬರ್‌ನಲ್ಲಿ ಬರೆಯುತ್ತಿದ್ದೇನೆ. ನಿಯಮಗಳು ಬದಲಾಗುತ್ತಿರುತ್ತವೆ, ನೀವು ಓದುವ ಹೊತ್ತಿಗೆ ಪೋರ್ಟಲ್‌ನಲ್ಲಿ ಏನಿದೆಯೋ ಒಮ್ಮೆ ನೋಡಿಕೊಳ್ಳಿ.

ನಾನು ಟ್ರಾನ್ಸ್ ಗಂಡಸು. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರು. ತುಂಗಭದ್ರಾ ಕಾಲುವೆ ಸೀಮೆಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಕಡೆ ಜೋಗಪ್ಪಗಳು, ಜೋಗತಿಯರು, ಅಂದರೆ ಗಂಡಾಗಿ ಹುಟ್ಟಿ ಸೀರೆ ಉಟ್ಟು ಎಲ್ಲಮ್ಮನ ಸೇವೆಯಲ್ಲಿ ಇರುವವರು, ಎಲ್ಲರಿಗೂ ಗೊತ್ತು. ಹುಲಿಗೆಮ್ಮನ ಜಾತ್ರೆಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರೆಲ್ಲ ಅವರನ್ನು ನೋಡಿದ್ದಾರೆ. ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮಿಲ್‌ನ ಹಮಾಲರು ಕೂಡ ‘ನಮ್ಮ ಮಂಜಮ್ಮ’ ಅಂತ ಖುಷಿಪಟ್ಟರು. ಆದರೆ ನನ್ನಂಥವರು ಇದ್ದೇವೆ ಅನ್ನುವುದು ಕಚೇರಿಯಲ್ಲಿ ಕೂತ ಓದಿದವರಿಗೂ ಹೊಸ ವಿಷಯ. ‘ಮಂಗಳಮುಖಿ ಅಂದ್ರೆ ಸೀರೆ ಉಡಬೇಕಲ್ಲಾ’ ಅಂತ ಒಬ್ಬರು ನನ್ನನ್ನೇ ಕೇಳಿದ್ದಾರೆ. ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಅವರಿಗೆ ನಿಜವಾಗಲೂ ಗೊತ್ತಿರಲಿಲ್ಲ.

ಚೀಟಿ ಏಕೆ ಬೇಕಾಯಿತು ಅಂದರೆ, ಮಿಲ್‌ನಲ್ಲಿ ನನಗೆ ಎಲ್ಲರೂ ‘ಅಣ್ಣಾ’ ಅನ್ನುತ್ತಾರೆ. ಗಡ್ಡ ಬಂದಿದೆ. ಅವ್ವ ಈಗ ‘ತಮ್ಮಾ’ ಅಂತಲೇ ಕರೆಯುತ್ತಾಳೆ. ಆಧಾರ್‌ನಲ್ಲಿ ಮಾತ್ರ ಎರಡು ಜಡೆಯ ಹುಡುಗಿ, ಹಳೆಯ ಹೆಸರು. ಸಿಮ್ ಕೊಳ್ಳಲು ಹೋದರೆ ‘ತಂಗೀದು ತಂದೀರಲ್ಲ, ನಿಮ್ದು ಕೊಡ್ರಿ’ ಅನ್ನುತ್ತಾರೆ. ಲಾಡ್ಜ್‌ನಲ್ಲಿ ರೂಮು ಕೇಳಲು ಹೆದರಿಕೆ. ರಾತ್ರಿ ರೈಲಿನಲ್ಲಿ ಟಿಕೆಟ್ ತಪಾಸಣೆಗೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಪಿಎಫ್ ಖಾತೆಯ ಹೆಸರು ಆಧಾರ್‌ಗೆ ಹೊಂದಬೇಕು, ಬ್ಯಾಂಕ್ ಹೆಸರು ಅದಕ್ಕೆ ಹೊಂದಬೇಕು. ಒಂದು ಕಡೆ ಬದಲಾಯಿಸಲು ಹೋದರೆ ಇನ್ನೊಂದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಉತ್ತರ: ಈ ಚೀಟಿಯಿಂದ.

ಕಾನೂನಿನ ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಕೌಂಟರ್‌ನಲ್ಲಿ ಇದೇ ನಿಮ್ಮ ಕೈಹಿಡಿಯುತ್ತದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ, ಅಂದರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಹಾಕಿದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಾನು ಗಂಡೋ, ಹೆಣ್ಣೋ, ಮೂರನೆಯ ಲಿಂಗವೋ ಅನ್ನುವುದನ್ನು ಹೇಳುವ ಹಕ್ಕು ನನ್ನದು ಎಂದಿತು. ಅದನ್ನು ಒಪ್ಪಲು ಆಪರೇಷನ್ ಆಗಿರಲೇಬೇಕು ಅಂತ ಕೇಳುವುದು ಕಾನೂನಿಗೆ ವಿರುದ್ಧ ಅಂತಲೂ ಹೇಳಿತು. ಆಮೇಲೆ 2019ರಲ್ಲಿ ಸಂಸತ್ತು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆ ಮಾಡಿತು. 2020ರ ಜನವರಿ 10ರಿಂದ ಅದು ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಯಮಗಳು ಬಂದವು, ನವೆಂಬರ್‌ನಲ್ಲಿ ಪೋರ್ಟಲ್ ಶುರುವಾಯಿತು. ಪೋರ್ಟಲ್ ಉದ್ಘಾಟಿಸಿದವರು ಆಗ ಕೇಂದ್ರ ಸಚಿವರಾಗಿದ್ದ ಥಾವರ್‌ಚಂದ್ ಗೆಹ್ಲೋಟ್. 2021ರಲ್ಲಿ ಅವರು ನಮ್ಮ ರಾಜ್ಯದ ರಾಜ್ಯಪಾಲರಾದರು.

ಇನ್ನು ಅರ್ಜಿ. ಶುಲ್ಕ ಇಲ್ಲ. ಕಚೇರಿಗೆ ಹೋಗಿ ನಿಲ್ಲಬೇಕಿಲ್ಲ, ಎಲ್ಲ ಆನ್‌ಲೈನ್. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಫೋಟೋ, ವಿಳಾಸದ ದಾಖಲೆ, ಒಂದು ಅಫಿಡವಿಟ್ ಅಂದರೆ ನೋಟರಿ ಮುಂದೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ, ಇಷ್ಟು ಮುಖ್ಯ. ಆ ಜಿಲ್ಲೆಯಲ್ಲಿ ಒಂದು ವರ್ಷದಿಂದ ವಾಸ ಇರಬೇಕು ಅನ್ನುತ್ತದೆ ನಿಯಮ. ನನಗೆ ಇದು ಕಷ್ಟವಾಗಲಿಲ್ಲ, ಅವ್ವನ ಮನೆಯಲ್ಲೇ ಇದ್ದೇನೆ. ಆದರೆ ನಮ್ಮಲ್ಲಿ ಎಷ್ಟೋ ಜನ ಹದಿನಾರಕ್ಕೋ ಹದಿನೇಳಕ್ಕೋ ಮನೆ ಬಿಟ್ಟವರು. ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿ ಬಾಡಿಗೆಗೆ ಇರುತ್ತಾರೆ, ಮನೆ ಓನರ್ ಕರಾರು ಪತ್ರ ಮಾಡಿಕೊಡುವುದಿಲ್ಲ. ಆಧಾರ್ ವಿಳಾಸ ಇನ್ನೂ ಊರಿನದೇ. ಮನೆಯಿಂದ ಹೊರಹಾಕಿಸಿಕೊಂಡವರಿಗೇ ಈ ಚೀಟಿ ಎಲ್ಲರಿಗಿಂತ ಜಾಸ್ತಿ ಬೇಕು. ಅವರನ್ನೇ ಈ ವಿಳಾಸದ ಕಾಲಂ ತಡೆಯುತ್ತದೆ. ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಇದೂ ಒಂದು ಕಾರಣ.

ಫಾರ್ಮ್ ತುಂಬಿಸಿದ್ದು ಬಸ್‌ಸ್ಟ್ಯಾಂಡ್ ಹಿಂದಿನ ಆನ್‌ಲೈನ್ ಸೆಂಟರ್‌ನಲ್ಲಿ. ಅಲ್ಲಿ ಕೂರುವ ಹುಡುಗ ದಿನಾ ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಹಾಕುವವನು. ಇದನ್ನು ಅವನು ಯಾವತ್ತೂ ಹಾಕಿರಲಿಲ್ಲ. ಸುತ್ತಲೂ ಜನ ಇದ್ದರು. ನಾನು ಫೋನ್‌ನಲ್ಲಿ ಪೋರ್ಟಲ್ ತೆರೆದು ಅವನ ಮುಂದೆ ಇಟ್ಟೆ. ಓದಿ ನನ್ನ ಮುಖ ನೋಡಿದ. ‘ಅಣ್ಣಾ, ಮಧ್ಯಾಹ್ನ ಬರ್ರಿ, ಯಾರೂ ಇರಂಗಿಲ್ಲ’ ಅಂದ. ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಒಂದೊಂದು ಕಾಲಂ ಜೋರಾಗಿ ಓದದೆ, ಪರದೆ ನನ್ನ ಕಡೆ ತಿರುಗಿಸಿ, ನನ್ನ ಕೈಯಿಂದಲೇ ಟೈಪ್ ಮಾಡಿಸಿದ. ಸ್ಕ್ಯಾನ್‌ಗೆ, ಪ್ರಿಂಟ್‌ಗೆ ಎಲ್ಲರ ಹತ್ತಿರ ತೆಗೆದುಕೊಳ್ಳುವಷ್ಟೇ ತೆಗೆದುಕೊಂಡ. ಕೆಲಸ ಮುಗಿದ ಮೇಲೆ ನನ್ನ ಫೈಲ್‌ಗಳನ್ನು ಕಂಪ್ಯೂಟರ್‌ನಿಂದ ಅಳಿಸಿ ತೋರಿಸಿದ. ನಾನು ಕೇಳಿರಲಿಲ್ಲ. ಸರ್ಕಾರಿ ಸೇವೆಯ ವಿಮರ್ಶೆಯಲ್ಲಿ ಅವನ ವಿಷಯ ಯಾಕೆ ಅಂತ ಅನ್ನಿಸಬಹುದು. ಊರಿನಲ್ಲಿ ಆನ್‌ಲೈನ್ ಅಂದರೆ ಇಂಥ ಒಬ್ಬ ಹುಡುಗನ ಕುರ್ಚಿಯ ಪಕ್ಕ ಕೂತು ಮಾಡುವ ಕೆಲಸವೇ. ಅವನು ನಕ್ಕಿದ್ದರೆ ನಾನು ಎದ್ದು ಬರುತ್ತಿದ್ದೆ.

ನೋಟರಿ ವಿಷಯ ಹೇಳಬೇಕು. ಕೋರ್ಟ್ ಆವರಣದ ಹೊರಗೆ ಟೇಬಲ್ ಹಾಕಿಕೊಂಡು ಕೂರುವವರ ಹತ್ತಿರ ಹೋದೆ. ಅಫಿಡವಿಟ್‌ನ ಮಾದರಿ ನಿಯಮಗಳಲ್ಲೇ ಇದೆ, ಫಾರ್ಮ್ 2 ಅಂತ. ಹುಟ್ಟಿದಾಗ ಕೊಟ್ಟ ಲಿಂಗ ನನ್ನದಲ್ಲ, ನಾನು ಟ್ರಾನ್ಸ್‌ಜೆಂಡರ್ ವ್ಯಕ್ತಿ, ಗುರುತಿನ ಪ್ರಮಾಣಪತ್ರಕ್ಕಾಗಿ ಇದನ್ನು ಬರೆದುಕೊಡುತ್ತಿದ್ದೇನೆ ಅನ್ನುವುದು ಅದರ ಸಾರ. ಅಷ್ಟೇ. ವಕೀಲರು ‘ಡಾಕ್ಟರ್ ಸರ್ಟಿಫಿಕೇಟ್ ಎಲ್ಲೈತಪಾ? ಅದಿಲ್ಲದ ನಾ ಹೆಂಗ ಸಹಿ ಹಾಕಲಿ?’ ಅಂದರು. ಫಾರ್ಮ್ 2ರ ಪ್ರಿಂಟ್ ಕೊಟ್ಟೆ. ಜೊತೆಗೆ ನಿಯಮದ ಪುಟವನ್ನೂ ಕೊಟ್ಟೆ. ಅಫಿಡವಿಟ್ ಆಧಾರದ ಮೇಲೆ, ಯಾವ ವೈದ್ಯಕೀಯ ಅಥವಾ ದೈಹಿಕ ಪರೀಕ್ಷೆಯೂ ಇಲ್ಲದೆ ಪ್ರಮಾಣಪತ್ರ ಕೊಡಬೇಕು ಅಂತ ಅದರಲ್ಲಿ ಬರೆದಿದೆ. ಅವರು ಕನ್ನಡಕ ಹಾಕಿಕೊಂಡು ಸಾವಕಾಶ ಓದಿದರು. ಓದಿ, ಸೀಲು ಹೊಡೆದು ಸಹಿ ಹಾಕಿದರು. ಈ ಪುಟವನ್ನು ಕೈಯಲ್ಲಿ ಇಟ್ಟುಕೊಳ್ಳದೆ ಎಲ್ಲಿಗೂ ಹೋಗಬೇಡಿ. ಬಾಯಲ್ಲಿ ಹೇಳಿದರೆ ವಾದ ಆಗುತ್ತದೆ. ಕಾಗದ ಕೊಟ್ಟರೆ ಓದುತ್ತಾರೆ.

ಇದೇ ಪುಟ ಮತ್ತೆ ಕೆಲಸಕ್ಕೆ ಬಂತು. ಪೂರ್ತಿ ಅರ್ಜಿ ಸಿಕ್ಕ 30 ದಿನದೊಳಗೆ ಪ್ರಮಾಣಪತ್ರ ಕೊಡಬೇಕು ಅನ್ನುತ್ತದೆ ನಿಯಮ. ನನ್ನದು ಆ ಗಡುವು ದಾಟಿತು. ಒಂದು ದಿನ ಮಿಲ್‌ನಲ್ಲಿ ಲೋಡು ತೂಕ ಮಾಡಿಸುತ್ತಿದ್ದಾಗ ಸರ್ಕಾರಿ ಕಚೇರಿಯಿಂದ ಫೋನ್. ‘ಜಿಲ್ಲಾಸ್ಪತ್ರೆಗೆ ಹೋಗಿ ಚೆಕಪ್ ಮಾಡಿಸಿ ಲೆಟರ್ ತರ್ರಿ, ಆಮ್ಯಾಲೆ ನೋಡೋಣ’ ಅಂದರು. ನನ್ನ ಕೈ ನಡುಗುತ್ತಿತ್ತು. ಜಿಲ್ಲಾಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿಸಿ ನೋಡುತ್ತಾರೆ ಅನ್ನುವ ಭಯಕ್ಕೇ ನಮ್ಮಲ್ಲಿ ಎಷ್ಟೋ ಜನ ಅರ್ಜಿ ಅರ್ಧಕ್ಕೆ ಬಿಡುತ್ತಾರೆ. ‘ಸರ್, ಮೊದಲ ಪ್ರಮಾಣಪತ್ರಕ್ಕೆ ಪರೀಕ್ಷೆ ಬೇಡ ಅಂತ ನಿಯಮದಲ್ಲೇ ಐತಿ, ನಿಮಗೆ ಆ ಪುಟ ಕಳಿಸ್ತೀನಿ’ ಅಂದೆ. ಇಮೇಲ್ ಮಾಡಿದೆ. ಮರುದಿನ ಕಚೇರಿಗೂ ಹೋಗಿ ಕೊಟ್ಟೆ. ಅಲ್ಲಿದ್ದ ಮಹಿಳಾ ಕೇಸ್ ವರ್ಕರ್ ಒಬ್ಬರು ಅದನ್ನು ಫೈಲಿಗೆ ಸೇರಿಸಿ, ‘ಹೌದಲ್ಲಾ, ಇದು ನಮಗ ಯಾರೂ ಹೇಳಿರಲಿಲ್ಲ’ ಅಂದರು. ಆಮೇಲೆ ಕೆಲಸ ತಡವಾಗಲಿಲ್ಲ. ಪ್ರಮಾಣಪತ್ರ ಮತ್ತು ಚೀಟಿ ಎರಡನ್ನೂ ಪೋರ್ಟಲ್‌ನಿಂದ ನಾನೇ ಡೌನ್‌ಲೋಡ್ ಮಾಡಿಕೊಂಡೆ. ಹೊಸ ಹೆಸರು, ಗಡ್ಡದ ಫೋಟೋ, ಜಿಲ್ಲಾಧಿಕಾರಿಯ ಸಹಿ. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಫೋಟೋ ನೋಡಿ ‘ಚಲೋ ಬಂದೈತಿ’ ಅಂದಳು.

ಈಗ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಕಾಯ್ದೆಯ 6ನೇ ಸೆಕ್ಷನ್ ಕೆಳಗೆ ಮೊದಲು ಸಿಗುವ ಪ್ರಮಾಣಪತ್ರದಲ್ಲಿ ಲಿಂಗ ‘ಟ್ರಾನ್ಸ್‌ಜೆಂಡರ್’ ಅಂತ ಇರುತ್ತದೆ. ನಾನು ಗಂಡಸು ಅಂತ ಬರೆಸಿಕೊಳ್ಳಬೇಕು ಅಂದರೆ 7ನೇ ಸೆಕ್ಷನ್ ಕೆಳಗೆ ಇನ್ನೊಂದು ಅರ್ಜಿ ಹಾಕಬೇಕು. ಅದಕ್ಕೆ ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಚೀಫ್ ಮೆಡಿಕಲ್ ಆಫೀಸರ್ ಕೊಟ್ಟ ಪತ್ರ ಬೇಕು. ಟ್ರಾನ್ಸ್‌ಜೆಂಡರ್ ಅನ್ನುವುದಕ್ಕೆ ನನ್ನ ಮಾತು ಸಾಕು, ಗಂಡಸು ಅನ್ನುವುದಕ್ಕೆ ಆಸ್ಪತ್ರೆಯ ಮಾತು ಬೇಕು. 2014ರ ತೀರ್ಪು ಹೀಗೆ ಎರಡು ಅಳತೆ ಮಾಡಿರಲಿಲ್ಲ. ಗಂಡು, ಹೆಣ್ಣು, ಮೂರನೆಯ ಲಿಂಗ, ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿತ್ತು. ದೇಹಕ್ಕಿಂತ ಮನಸ್ಸು ಹೇಳುವುದಕ್ಕೆ ಬೆಲೆ ಕೊಡಬೇಕು ಅಂದಿತ್ತು. ಕೋರ್ಟ್ ಕೊಟ್ಟದ್ದನ್ನು ಕಾಯ್ದೆ ಅರ್ಧ ವಾಪಸ್ ತೆಗೆದುಕೊಂಡಿದೆ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ನಾನು ಯಾರ ಮುಂದೆಯೂ ಹೇಳಲು ತಯಾರಿದ್ದೇನೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ದಾರಿ ಇದೆ. ಕಾಯ್ದೆಯಲ್ಲಿ ‘ಶಸ್ತ್ರಚಿಕಿತ್ಸೆ’ ಅಂತ ಇದೆ. ಆದರೆ 2020ರ ನಿಯಮಗಳು ‘ವೈದ್ಯಕೀಯ ನೆರವು’ ಅನ್ನುವ ಅರ್ಥದ ಮಾತು ಬಳಸಿ, ಅದರಲ್ಲಿ ಕೌನ್ಸೆಲಿಂಗ್, ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಸೇರಿಸಿವೆ. ಅಂದರೆ ನನ್ನ ಹಾಗೆ ಹಾರ್ಮೋನ್ ಇಂಜೆಕ್ಷನ್ ಮಾತ್ರ ತೆಗೆದುಕೊಳ್ಳುತ್ತಿರುವವರೂ ಆಸ್ಪತ್ರೆಯ ಪತ್ರದ ಮೇಲೆ ‘ಗಂಡು’ ಅಂತ ಬರೆಸಲು ಅರ್ಜಿ ಹಾಕಬಹುದು. ಎದೆಯ ಆಪರೇಷನ್‌ಗೆ ನಮ್ಮ ಕಡೆಯವರು ಬೆಂಗಳೂರಿಗೇ ಹೋಗಬೇಕು. ಅಷ್ಟು ದುಡ್ಡು, ಅಷ್ಟು ರಜೆ ಮಿಲ್ ಕೆಲಸದವನಿಗೆ ಎಲ್ಲಿಂದ ಬರಬೇಕು? ದೇಹದ ವಿಷಯ ನನ್ನ ಮತ್ತು ಡಾಕ್ಟರ್ ನಡುವಿನದು. ಕಾಗದದ ಸಲುವಾಗಿ ಯಾರೂ ಆಪರೇಷನ್ ಟೇಬಲ್ ಮೇಲೆ ಮಲಗುವ ಹಾಗೆ ಆಗಬಾರದು. ನಿಯಮದ ಈ ಸಾಲನ್ನು ಆಸ್ಪತ್ರೆಯವರಿಗೆ, ಕಚೇರಿಯವರಿಗೆ ತೋರಿಸಿ. ನಾನು ನನ್ನ 7ನೇ ಸೆಕ್ಷನ್ ಅರ್ಜಿಗೆ ಪತ್ರ ಕೇಳಿದ್ದೇನೆ, ಇನ್ನೂ ಬಂದಿಲ್ಲ.

ಚೀಟಿ ಸಿಕ್ಕ ಮೇಲಿನ ಕಥೆಗೆ ಎರಡೇ ಸ್ಟಾರ್ ಯಾಕೆ ಅಂತ ಈಗ ಹೇಳುತ್ತೇನೆ.

ಆಧಾರ್ ಸಲೀಸಾಯಿತು. ಈ ಚೀಟಿ ಮತ್ತು ಪ್ರಮಾಣಪತ್ರ ಆಧಾರ್‌ನವರ ದಾಖಲೆ ಪಟ್ಟಿಯಲ್ಲೇ ಇವೆ. ಆದರೆ ಒಂದು ಎಚ್ಚರಿಕೆ. ಆಧಾರ್‌ನಲ್ಲಿ ಲಿಂಗದ ಕಾಲಂ ಸಾಮಾನ್ಯವಾಗಿ ಒಂದೇ ಸಲ ಬದಲಾಯಿಸಬಹುದು, ಹೆಸರು ಎರಡು ಸಲ. ಮಿತಿ ದಾಟಿದರೆ ಪ್ರಾದೇಶಿಕ ಕಚೇರಿಯ ದಾರಿ ಹಿಡಿಯಬೇಕು. ಮುಂದೆ ‘ಗಂಡು’ ಅಥವಾ ‘ಹೆಣ್ಣು’ ಅಂತ ಬರೆಸುವ ಆಸೆ ಇರುವವರು ಈಗಲೇ ‘ಟ್ರಾನ್ಸ್‌ಜೆಂಡರ್’ ಮಾಡಿಸಬೇಕೋ, ಕಾಯಬೇಕೋ ಅಂತ ಯೋಚಿಸಿ. ನಾನು ಸದ್ಯಕ್ಕೆ ಹೆಸರು ಮತ್ತು ಫೋಟೋ ಮಾತ್ರ ಬದಲಾಯಿಸಿದೆ. ಪ್ಯಾನ್ ಅರ್ಜಿಯಲ್ಲಿ 2018ರಿಂದಲೇ ಟ್ರಾನ್ಸ್‌ಜೆಂಡರ್ ಅಂತ ಬೇರೆ ಕಾಲಂ ಇದೆ. ಈ ಪ್ರಮಾಣಪತ್ರವನ್ನು ಪ್ಯಾನ್‌ಗೆ ಒಪ್ಪುತ್ತೇವೆ ಅಂತ ಕೇಂದ್ರ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹೇಳಿದೆ.

ಬ್ಯಾಂಕಿನಲ್ಲಿ ಮಾತ್ರ ಮನಸ್ಸಿಗೆ ನೋವಾಯಿತು. ಯಾವ ಬ್ಯಾಂಕ್ ಅಂತ ಬರೆಯುವುದಿಲ್ಲ. ಕೌಂಟರ್‌ನಲ್ಲಿದ್ದವರು ಚೀಟಿಯನ್ನು ಪಕ್ಕದವರಿಗೆ, ಅವರು ಅದರಾಚೆಯವರಿಗೆ ದಾಟಿಸಿದರು. ಸಾಲಿನಲ್ಲಿ ನಿಂತವರೆಲ್ಲ ನನ್ನ ಕಡೆ ತಿರುಗಿದರು. ‘ಗೆಜೆಟ್ ತರ್ರಿ, ಪೇಪರ್ ಜಾಹೀರಾತು ತರ್ರಿ, ಕೋರ್ಟ್ ಆರ್ಡರ್ ತರ್ರಿ’ ಅಂದರು. ಈ ಪ್ರಮಾಣಪತ್ರ ಇರುವವರು ಜನನ ಪ್ರಮಾಣಪತ್ರದಲ್ಲಿ ಮತ್ತು ಎಲ್ಲ ಅಧಿಕೃತ ದಾಖಲೆಗಳಲ್ಲಿ ಮೊದಲ ಹೆಸರು ಬದಲಾಯಿಸಿಕೊಳ್ಳಲು ಹಕ್ಕುಳ್ಳವರು ಅಂತ ಕಾಯ್ದೆಯಲ್ಲೇ ಇದೆ. ಆ ಸಾಲು ತೋರಿಸಿದೆ. ‘ನಮ್ಮ ಸಿಸ್ಟಮ್‌ನಾಗ ಆಪ್ಷನ್ ಇಲ್ಲ’ ಅಂದರು. ಕೊನೆಗೆ ಹೊಸ ಆಧಾರ್ ಕೈಗೆ ಬಂದ ಮೇಲೆ ಅದನ್ನೇ ಕೊಟ್ಟು ಸಾಮಾನ್ಯ ಹೆಸರು ತಿದ್ದುಪಡಿ ಅಂತ ಮಾಡಿಸಿದೆ. ಕೆಲಸ ಆಯಿತು. ಆದರೆ ಆ ಕಾಯ್ದೆ ಇರುವುದೇ ನಾನು ಬಚ್ಚಿಟ್ಟುಕೊಳ್ಳದೆ ಕೆಲಸ ಮಾಡಿಸಿಕೊಳ್ಳಲಿ ಅಂತ ಅಲ್ವಾ? ಚೀಟಿಯನ್ನು ಜೇಬಿಗೆ ಹಾಕಿಕೊಂಡು ಆಧಾರ್ ತೋರಿಸಿದಾಗ ಮಾತ್ರ ಕೆಲಸ ಆಯಿತು ಅಂದರೆ ಆ ಬ್ಯಾಂಕಿಗೆ ಕಾಯ್ದೆ ಇನ್ನೂ ತಲುಪಿಲ್ಲ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಮ್ಮ ರಾಜ್ಯದಲ್ಲಿ ಎಲ್ಲದಕ್ಕೂ ಬುಡ. ನೌಕರಿಗೆ, ಪಾಸ್‌ಪೋರ್ಟ್‌ಗೆ, ಜನ್ಮದಿನಾಂಕಕ್ಕೆ ಎಲ್ಲರೂ ಅದನ್ನೇ ಕೇಳುತ್ತಾರೆ. ನನ್ನದು ಇನ್ನೂ ಹಳೆಯ ಹೆಸರಿನಲ್ಲೇ ಇದೆ. ಅರ್ಜಿ ಕೊಟ್ಟಿದ್ದೇನೆ, ಶಾಲೆಯ ದಾಖಲೆ ಮೊದಲು ತಿದ್ದಿಸಿ ಅಂತ ಹೇಳಿದ್ದಾರೆ. ಜನನ ಪ್ರಮಾಣಪತ್ರದ ವಿಷಯದಲ್ಲಿ ನಮಗೆ ದೊಡ್ಡ ಬಲ ಕೊಟ್ಟಿದ್ದು ಕರ್ನಾಟಕ ಹೈಕೋರ್ಟ್. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಒಬ್ಬ ಟ್ರಾನ್ಸ್ ಮಹಿಳೆಯ ಅರ್ಜಿಯಲ್ಲಿ ಆದೇಶ ಕೊಟ್ಟರು. ತಪ್ಪಿದ್ದರೆ ಮಾತ್ರ ತಿದ್ದಬಹುದು ಅಂತ 1969ರ ಜನನ ಮರಣ ನೋಂದಣಿ ಕಾಯ್ದೆ ತೋರಿಸಿ ಅವರ ಅರ್ಜಿ ತಿರಸ್ಕಾರ ಆಗಿತ್ತು. ಕೋರ್ಟ್ ಅದನ್ನು ಒಪ್ಪಲಿಲ್ಲ. ಆ 1969ರ ಕಾಯ್ದೆಗೆ ತಿದ್ದುಪಡಿ ಆಗುವವರೆಗೆ, 2019ರ ಕಾಯ್ದೆಯ ಪ್ರಮಾಣಪತ್ರ ತಂದವರಿಗೆ ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡೂ ಇರುವ ಜನನ ಪ್ರಮಾಣಪತ್ರ ಕೊಡಬೇಕು ಎಂದಿತು. ಹಳೆಯ ಹೆಸರು ಅಲ್ಲೇ ಉಳಿಯುವುದು ನನಗೆ ಇಷ್ಟವಿಲ್ಲ. ಆದರೂ ಶಾಲೆಯ ಹಳೆಯ ದಾಖಲೆಗಳೂ ಈಗಿನವೂ ಒಬ್ಬನವೇ ಅಂತ ತೋರಿಸುವ ಒಂದು ಕಾಗದ ಸಿಗುತ್ತದೆ. ಅಂಕಪಟ್ಟಿಗೆ ಓಡಾಡುವಾಗ ಅದು ಬೇಕೇ ಬೇಕು.

ಸೌಲಭ್ಯಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ 2023ರ ಜೂನ್‌ನಿಂದ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ನಾನು ಅಕ್ಕ ಅನ್ನುವ ಜೋಗತಿಯೊಬ್ಬರು ಮಂಗಳವಾರ, ಶುಕ್ರವಾರ ಹುಲಿಗಿಗೆ ಹೋಗುತ್ತಾರೆ. ಮೊದಲೆಲ್ಲ ಕಂಡಕ್ಟರ್ ಜೊತೆ ಜಗಳ. ಈಗ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳುತ್ತಾರೆ. ಮೈತ್ರಿ ಅನ್ನುವ ರಾಜ್ಯ ಸರ್ಕಾರದ ಮಾಸಾಶನ ಇದೆ. ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅಂತ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆ ಇದೆ. ಎಲ್ಲಕ್ಕಿಂತ ಮುಖ್ಯ ನನ್ನ ದೃಷ್ಟಿಯಲ್ಲಿ ನೌಕರಿ ಮೀಸಲಾತಿ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1 ಮೀಸಲಾತಿ ತಂದಿತು, ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಸಾಮಾನ್ಯ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಪ್ರತಿ ವರ್ಗದ ಒಳಗೂ ಈ ಶೇಕಡಾ 1 ಇದೆ. ಇದು ಸುಮ್ಮನೆ ಸರ್ಕಾರ ಕೊಟ್ಟ ಉಡುಗೊರೆ ಅಲ್ಲ. ನಮ್ಮಂಥವರ ಹಕ್ಕುಗಳಿಗಾಗಿ ದುಡಿಯುವ ಜೀವಾ, ಸಂಗಮ ಸಂಸ್ಥೆಗಳು ಹೈಕೋರ್ಟ್‌ವರೆಗೆ ಹೋಗಿ ಹೋರಾಡಿದ್ದರಿಂದ ಬಂತು. ನಾನು ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಓದುತ್ತಿದ್ದೇನೆ.

ಯಾರಾದರೂ ಅವಮಾನ ಮಾಡಿದರೆ, ಹೊಡೆದರೆ ಕಾಯ್ದೆಯ 18ನೇ ಸೆಕ್ಷನ್ ಇದೆ. ಶಿಕ್ಷೆ 6 ತಿಂಗಳಿಂದ 2 ವರ್ಷ. ಲೈಂಗಿಕ ದೌರ್ಜನ್ಯವೂ ಅದರೊಳಗೇ ಬರುತ್ತದೆ. ಮಹಿಳೆಯ ಮೇಲೆ ಅತ್ಯಾಚಾರ ಮಾಡಿದವನಿಗೆ ಕನಿಷ್ಠ 10 ವರ್ಷ. ನಮ್ಮ ಅಕ್ಕಂದಿರ ಮೇಲೆ ಕೈಮಾಡಿದವನಿಗೆ ಈ ಕಾಯ್ದೆಯಲ್ಲಿ ಜಾಸ್ತಿ ಅಂದರೆ 2 ವರ್ಷ. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ಬರೆಯುವಾಗ ಈಗಲೂ ಬರುತ್ತದೆ.

ಅರ್ಜಿ ಹಾಕುವವರಿಗೆ ಇನ್ನೆರಡು ಮಾತು. ಕಾಯ್ದೆ ಬರುವ ಮುಂಚೆಯೇ ಅಧಿಕೃತವಾಗಿ ಲಿಂಗ ಬದಲಾಯಿಸಿಕೊಂಡವರು ಮತ್ತೆ ಈ ಅರ್ಜಿ ಹಾಕುವ ಅಗತ್ಯವಿಲ್ಲ ಅಂತ ನಿಯಮದಲ್ಲಿದೆ, ಆ ಸಾಲನ್ನೂ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಅರ್ಜಿ ತಿರಸ್ಕಾರ ಆದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಮೇಲ್ಮನವಿಗೆ ಅವಕಾಶ ಇದೆ. ಪೋರ್ಟಲ್‌ಗೆ ಕೊಡುವ ಫೋನ್ ನಂಬರ್ ನಿಮ್ಮದೇ ಆಗಿರಲಿ, ಮನೆಯವರದ್ದು ಬೇಡ. ಮನೆಯಲ್ಲಿ ಇನ್ನೂ ಹೇಳಿಲ್ಲ ಅನ್ನುವವರು ಇಮೇಲ್ ಕೂಡ ಹೊಸದು ಮಾಡಿಕೊಳ್ಳಿ. ಇನ್ನು ನೋಟರಿ ಹತ್ತಿರ ಹೋಗುವಾಗ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ನನ್ನ ಜೊತೆ ಆ ಜೋಗತಿ ಅಕ್ಕ ಬಂದಿದ್ದರು. ನನ್ನ ಸರದಿ ಮುಗಿದ ಮೇಲೆ ಅವರೂ ತಮ್ಮ ಅಫಿಡವಿಟ್ ಮಾಡಿಸಿಕೊಂಡರು.